ಅಮೆರಿಕದ ಬೇಸಿಗೆ ರಜೆ, ಮಲೆನಾಡಿನ ಮಳೆಗಾಲ: ಅಜ್ಜನ ಮನೆಯಲ್ಲಿ ಹತ್ತು ವಾರ ಇರಲು ಬರುವ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ನಮ್ಮ ಮನೆಗೆ ಅಮೆರಿಕದಿಂದ ಒಂದು ಫೋನ್ ಬರುತ್ತದೆ. "ಅತ್ತೆ, ಸಮ್ಮರ್ ರಜೆಗೆ ಬರ್ತಿದ್ದೇನೆ. ಅಲ್ಲಿ ತುಂಬಾ ಬಿಸಿಲಾ?"

ಸಿರಸಿ ತಾಲೂಕಿನಲ್ಲಿ ಅಡಿಕೆ ತೋಟಕ್ಕೆ ಅಂಟಿಕೊಂಡ ಮನೆ ನಮ್ಮದು. ಯಜಮಾನರ ತಂಗಿಯರಿಬ್ಬರು ಅಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳು ಕಾಲೇಜು ಸೇರಿದ ಮೇಲೆ ಒಬ್ಬರ ಹಿಂದೊಬ್ಬರು ರಜೆಯಲ್ಲಿ ಅಜ್ಜನ ಮನೆಗೆ ಬಂದು ಇದ್ದು ಹೋಗಿದ್ದಾರೆ. ಅವರ ಬೇಸಿಗೆ ಎಂದರೆ ಜೂನ್, ಜುಲೈ, ಆಗಸ್ಟ್. ನಮಗೆ ಅದು ಅಂಗಳಕ್ಕೆ ಕಾಲಿಟ್ಟರೆ ಜಾರುವ ಕಾಲ, ಕೊಡೆ ಹಿಡಿದೇ ಕೊಟ್ಟಿಗೆಗೆ ಹೋಗುವ ಕಾಲ.

ಬಂದವರಲ್ಲಿ ಕೆಲವರು ಹನ್ನೆರಡನೇ ದಿನಕ್ಕೇ ಬೆಂಗಳೂರಿನ ಬಸ್ಸು ಹತ್ತಿದರು. ಕೆಲವರು ಟಿಕೆಟ್ ಮುಂದೂಡಿ ನಾಗರ ಪಂಚಮಿ ಮುಗಿಸಿಕೊಂಡು ಹೋದರು. ಉಳಿದವರಿಗೆಲ್ಲ ಕನ್ನಡ ಚೆನ್ನಾಗಿ ಬರುತ್ತಿತ್ತು ಎಂದೇನಿಲ್ಲ. ಮನೆಯಲ್ಲಿ ತಮ್ಮದೇ ಎಂದು ಒಂದು ಕೆಲಸ ಹಿಡಿದವರು ಉಳಿದರು. ನಾವು ನೆಂಟರ ಹಾಗೆ ಜಗುಲಿಯಲ್ಲಿ ಕೂರಿಸಿ ಉಪಚಾರ ಮಾಡಿದವರು ಬೇಜಾರಾಗಿ ಹೋದರು. ಮುಂದೆ ಬರೆದದ್ದೆಲ್ಲ ಆ ಮಕ್ಕಳಿಂದ ನಾನು ಕಲಿತದ್ದು. ಕನ್ನಡ ಓದಲು ಕಷ್ಟವಾಗುವವರು ಅಪ್ಪ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಅವರಿಗೂ ಕೆಲವು ಸಂಗತಿ ನೆನಪಾದೀತು.

ಹಂತ 1: ಟಿಕೆಟ್ ಮಾಡಿಸುವ ಮೊದಲು ಮಳೆಯ ಲೆಕ್ಕ ನೋಡಿ

ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿದೆ. ಒಂದೊಂದು ಹೆಚ್ಚುಕಡಿಮೆ ಹದಿನಾಲ್ಕು ದಿನ. ಜೂನ್ 7-8ರ ಸುಮಾರಿಗೆ ಮೃಗಶಿರ, 21-22ಕ್ಕೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, ಮೂರನೇ ವಾರ ಪುಷ್ಯ, ಆಗಸ್ಟ್ ಆರಂಭದಲ್ಲಿ ಆಶ್ಲೇಷ, ಅದರ ನಂತರ ಮಘೆ. ಆರಿದ್ರಾ ಹೊಯ್ದರೆ ದರಿದ್ರ ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ, ಗದ್ದೆ ಇದ್ದವರಿಗೆ ಆ ಮಳೆ ಅಷ್ಟು ಮುಖ್ಯ.

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮೇ ಕೊನೆಯ ವಾರವೇ ಬನ್ನಿ. ಮಳೆಗಾಲಕ್ಕೆ ಮನೆ ಸಜ್ಜಾಗುವುದನ್ನು ನೋಡಬಹುದು: ಸೌದೆ ಒಳಗೆ ಸೇರಿಸುವುದು, ಹಂಚು ಕೈಯಾಡಿಸುವುದು, ಹಲಸಿನ ಹಪ್ಪಳದ ಕೊನೆಯ ಒಣಗಿಸುವಿಕೆ, ತೋಟಕ್ಕೆ ಮೊದಲ ಔಷಧಿ. ಜುಲೈ ನಡುವೆ ಬಂದಿಳಿದವರಿಗೆ ಒಮ್ಮೆಲೇ ಕತ್ತಲೆ, ಒದ್ದೆ, ಕರೆಂಟಿಲ್ಲದ ರಾತ್ರಿಗಳು ಎದುರಾಗುತ್ತವೆ, ಹೊಂದಿಕೊಳ್ಳಲು ಹೆಚ್ಚು ದಿನ ಬೇಕಾಗುತ್ತದೆ.

ಹಂತ 2: ಕಾಗದಪತ್ರ

ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇದ್ದರೆ ವೀಸಾ ಬೇಡ, ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಕಚೇರಿಗೆ ಹೋಗಬೇಕಾಗಿಲ್ಲ. ಕಾಲೇಜು ವಯಸ್ಸಿನವರು ಗಮನಿಸಬೇಕಾದ ಒಂದು ನಿಯಮವಿದೆ. 20 ವರ್ಷ ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿದಾಗ ಒಸಿಐ ಕಾರ್ಡನ್ನೂ ಒಮ್ಮೆ ಹೊಸದಾಗಿ ಮಾಡಿಸಬೇಕು. ಅದಕ್ಕಿಂತ ಮೊದಲು ಪಾಸ್‌ಪೋರ್ಟ್ ಬದಲಾದಾಗ ಹೊಸದರ ಪ್ರತಿಯನ್ನೂ ಈಗಿನ ಫೋಟೋವನ್ನೂ ಆನ್‌ಲೈನ್‌ನಲ್ಲಿ ಏರಿಸಿದರೆ ಸಾಕು. ಮಗುವಾಗಿದ್ದಾಗ ಮಾಡಿಸಿದ ಕಾರ್ಡ್ ಹಿಡಿದುಕೊಂಡು ಹೊರಡುವ ಮೊದಲು ಇದನ್ನು ಪರೀಕ್ಷಿಸಿ, ಮೂರು ತಿಂಗಳು ಮುಂಚೆಯೇ.

ಕಾಲೇಜಿನ ಪ್ರಬಂಧಕ್ಕಾಗಿ ಊರಿನಲ್ಲಿ ಸಂಶೋಧನೆ ಮಾಡುವ ಯೋಚನೆ ಇದ್ದರೆ ಒಸಿಐ ಇದ್ದವರೂ ಮುಂಚಿತವಾಗಿ ವಿಶೇಷ ಅನುಮತಿ ಪಡೆಯಬೇಕು. ಅಜ್ಜಿಯ ಹತ್ತಿರ ಕತೆ ಕೇಳುವುದಕ್ಕೆ ಯಾವ ಅನುಮತಿಯೂ ಬೇಡ, ಆದರೆ ಅದಕ್ಕೂ ಒಂದು ಕ್ರಮವಿದೆ. ಅದು ಹಂತ 9ರಲ್ಲಿ.

ಹಂತ 3: ಪೆಟ್ಟಿಗೆಗೆ ಏನು ಹಾಕಬೇಕು

ಕಡಿಮೆ ಬಟ್ಟೆ ತನ್ನಿ, ಬೇಗ ಒಣಗುವುದನ್ನು ತನ್ನಿ. ಜೀನ್ಸ್ ಒಮ್ಮೆ ಒದ್ದೆಯಾದರೆ ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ನಾಲ್ಕು ದಿನ ನೇತಾಡುತ್ತದೆ, ಕೊನೆಗೆ ಹೊಗೆ ವಾಸನೆ ಹೊತ್ತು ಕೆಳಗಿಳಿಯುತ್ತದೆ. ಚರ್ಮದ ಬೂಟು, ಬೆಲ್ಟು, ಚೀಲಗಳಿಗೆ ವಾರದೊಳಗೆ ಬೂಸಲು ಹಿಡಿಯುತ್ತದೆ. ಚಪ್ಪಲಿ, ಕೊಡೆ, ರೇನ್‌ಕೋಟು ಇಲ್ಲಿನ ಪೇಟೆಯಲ್ಲೇ ಕೊಳ್ಳಿ, ಇಲ್ಲಿನ ಮಳೆಗೆ ಒಗ್ಗುವಂಥದ್ದು ಇಲ್ಲಿನ ಅಂಗಡಿಯವರಿಗೆ ಗೊತ್ತು.

ತಲೆಗೆ ಕಟ್ಟುವ ಟಾರ್ಚ್ ಒಂದು ತರಲೇಬೇಕು. ಇಲ್ಲಿನ ಕರೆಂಟು 230 ವೋಲ್ಟ್, ನಿಮ್ಮಲ್ಲಿ 120. ಲ್ಯಾಪ್‌ಟಾಪ್, ಫೋನಿನ ಚಾರ್ಜರ್‌ಗಳ ಮೇಲೆ 100-240 ಎಂದು ಬರೆದಿದ್ದರೆ ತೊಂದರೆಯಿಲ್ಲ, ಪಿನ್ನು ಬದಲಿಸುವ ಅಡಾಪ್ಟರ್ ಸಾಕು. ಕೂದಲು ಒಣಗಿಸುವ ಯಂತ್ರ ಅಲ್ಲೇ ಬಿಟ್ಟು ಬನ್ನಿ, ಹೆಚ್ಚಿನವು ಇಲ್ಲಿ ಸುಟ್ಟುಹೋಗುತ್ತವೆ. ದಿನವೂ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಹತ್ತು ವಾರಕ್ಕಾಗುವಷ್ಟು, ವೈದ್ಯರ ಚೀಟಿಯ ಸಮೇತ.

ಚಾಕೊಲೇಟ್ ತರುವವರು ಒಂದು ಪೊಟ್ಟಣ ಹೆಚ್ಚು ತನ್ನಿ. ತೋಟದ ಕೆಲಸಕ್ಕೆ ಬರುವವರ ಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ.

ಹಂತ 4: ಮೊದಲ ವಾರ

ಬೆಂಗಳೂರಿನಿಂದ ಸಿರಸಿಗೆ ರಾತ್ರಿ ಬಸ್ಸು ಸುಲಭ. ಸಿರಸಿಗೆ ರೈಲಿಲ್ಲ. ಸಾಗರದ ಕಡೆಯ ಊರಾದರೆ ತಾಳಗುಪ್ಪದವರೆಗೆ ರೈಲಿದೆ. ನ್ಯೂಯಾರ್ಕಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ತಾಸಿನ ವ್ಯತ್ಯಾಸ, ಕ್ಯಾಲಿಫೋರ್ನಿಯಾಕ್ಕೆ ಹನ್ನೆರಡೂವರೆ. ಬೆಳಗಿನ ಮೂರಕ್ಕೆ ಎಚ್ಚರವಾಗುವುದು ಸಹಜ. ಆಗ ಫೋನ್ ನೋಡುತ್ತ ಮಲಗಿರಬೇಡಿ. ಐದೂವರೆಗೆ ಹಾಲು ಕರೆಯುವ ಹೊತ್ತು, ಎದ್ದು ಕೊಟ್ಟಿಗೆಗೆ ಬನ್ನಿ. ನಿದ್ರೆ ಕೆಟ್ಟ ಈ ನಾಲ್ಕು ದಿನಗಳಲ್ಲಿ ಬೆಳಗಿನ ಕೆಲಸಗಳನ್ನೆಲ್ಲ ನೋಡಿಬಿಡಬಹುದು, ಆಮೇಲೆ ಅಷ್ಟು ಬೇಗ ಏಳುವುದು ಕಷ್ಟ.

ಸಿಮ್ ಕಾರ್ಡನ್ನು ಬೆಂಗಳೂರಿನಲ್ಲೇ, ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಿ. ಯಾವ ಕಂಪನಿಯ ಸಿಗ್ನಲ್ ನಿಮ್ಮ ಊರಿಗೆ ಬರುತ್ತದೆ ಎಂದು ಮಾವನನ್ನು ಮೊದಲೇ ಕೇಳಿ. ಒಂದು ಗುಡ್ಡ ದಾಟಿದರೆ ಉತ್ತರ ಬದಲಾಗುತ್ತದೆ. ತರಕಾರಿ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ಈಗ ವಾಡಿಕೆ, ಆದರೆ ನಿಮ್ಮ ಅಲ್ಲಿನ ಖಾತೆಯಿಂದ ಅದು ನೇರವಾಗಿ ಆಗುವುದಿಲ್ಲ. ಹತ್ತು, ಇಪ್ಪತ್ತು, ಐವತ್ತರ ನೋಟು ಜೇಬಿನಲ್ಲಿರಲಿ. ಹುಡುಗಿಯರಿಗೊಂದು ಮಾತು: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ನನ್ನ ಪಕ್ಕದಲ್ಲಿ ಕೂತ ನಿಮಗೆ ಮಾತ್ರ ದುಡ್ಡು ಕೇಳಿದರೆ ಕಂಡಕ್ಟರರ ತಪ್ಪಲ್ಲ.

ಮೊದಲ ವಾರದಲ್ಲಿ ಎಲ್ಲ ನೆಂಟರ ಮನೆಗೂ ಕರೆದೊಯ್ಯಲು ಹಿರಿಯರು ಅವಸರಪಡುತ್ತಾರೆ. ದಿನಕ್ಕೆ ನಾಲ್ಕು ಮನೆ, ನಾಲ್ಕು ಕಡೆ ಪಾಯಸ. "ಮುಂದಿನ ವಾರ ಹೋಗುವಾ" ಎಂದು ಮೆಲ್ಲಗೆ ಹೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹಂತ 5: ಒಂದು ಕೆಲಸ ಹಿಡಿಯಿರಿ

ಇದು ಎಲ್ಲಕ್ಕಿಂತ ಮುಖ್ಯ. "ಅತ್ತೆ, ಏನಾದರೂ ಸಹಾಯ ಮಾಡಲಾ?" ಎಂದು ಕೇಳಿದರೆ ನಾನು "ಬೇಡ, ಕೂತ್ಕೋ" ಎಂದೇ ಹೇಳುತ್ತೇನೆ. ನನ್ನಂಥ ಎಲ್ಲ ಅತ್ತೆಯರೂ ಹಾಗೇ ಹೇಳುತ್ತಾರೆ. ಆದ್ದರಿಂದ ಕೇಳಬೇಡಿ. ಮೂರು ದಿನ ನೋಡಿ, ನಾಲ್ಕನೇ ದಿನ ಒಂದು ಕೆಲಸದ ಹೆಸರು ಹೇಳಿ: "ನಾಳೆಯಿಂದ ಡೈರಿಗೆ ಹಾಲು ನಾನು ಒಯ್ಯುತ್ತೇನೆ." ಹೇಳಿದ ಮೇಲೆ ಒಂದು ದಿನವೂ ತಪ್ಪಿಸಬೇಡಿ. ನೀವು ಒಯ್ಯುತ್ತೀರಿ ಎಂದು ಮನೆ ನಂಬಿ ಕೂತಿರುತ್ತದೆ, ಆ ನಂಬಿಕೆ ಬಂದ ದಿನ ನಿಮ್ಮ ನೆಂಟಸ್ತಿಕೆ ಮುಗಿಯುತ್ತದೆ.

ಹೊಸಬರ ಕೈಗೆ ಹತ್ತುವ ಕೆಲಸಗಳು ಕೆಲವಿವೆ. ಬೆಳಿಗ್ಗೆ ಪೂಜೆಗೆ ಹೂವು ಕೊಯ್ಯುವುದು. ದನಕ್ಕೆ ಹುಲ್ಲು ಹಾಕುವುದು. ಡೈರಿಗೆ ಹಾಲು ಮುಟ್ಟಿಸುವುದು. ಇದರಲ್ಲಿ ಊರಿನ ಅರ್ಧ ಜನರ ಪರಿಚಯ ತಾನಾಗಿ ಆಗುತ್ತದೆ. ಬಚ್ಚಲ ಒಲೆಗೆ ಬೆಂಕಿ ಮಾಡುವುದು ಕೇಳಲು ಸಣ್ಣದು, ಮಾಡಲು ವಿದ್ಯೆ. ತಳದಲ್ಲಿ ಒಣಗಿದ ಅಡಿಕೆ ಹಾಳೆಯ ಚೂರು, ಅದರ ಮೇಲೆ ತೆಂಗಿನ ಸಿಪ್ಪೆ, ಹೊತ್ತಿಕೊಂಡ ಮೇಲೆ ಸಣ್ಣ ಸೌದೆ, ಆಮೇಲೆ ದಪ್ಪದ್ದು. ಆರಿದ್ರಾ ಮಳೆಯಲ್ಲಿ ಒಂದೇ ಕಡ್ಡಿಯಲ್ಲಿ ಬೆಂಕಿ ಹೊತ್ತಿಸಿ ಹಂಡೆಯ ನೀರು ಕಾಯಿಸಿದ ಸೊಸೆಯನ್ನು ಅಜ್ಜ ಊರೆಲ್ಲ ಹೊಗಳಿ ಬಂದರು. (ನಾದಿನಿಯ ಮಗಳು ನನಗೆ ಸೊಸೆಯೇ, ಈ ಸಂಬಂಧದ ಹೆಸರುಗಳು ಮುಂದಿನ ಹಂತದಲ್ಲಿವೆ.)

ಸ್ವಲ್ಪ ಹೆಚ್ಚಿನ ಕೆಲಸ ಬೇಕಾದವರು ತೋಟಕ್ಕೆ ಔಷಧಿ ಹೊಡೆಯುವ ದಿನ ಮಾವನ ಜೊತೆ ಇರಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ರೋಗ ಬರುತ್ತದೆ, ಎಳೆಯ ಕಾಯಿ ಕೊಳೆತು ಉದುರುತ್ತದೆ. ಅದನ್ನು ತಡೆಯಲು ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಐವತ್ತು ಲೀಟರ್‌ನಲ್ಲಿ ಒಂದನ್ನು, ಇನ್ನೈವತ್ತರಲ್ಲಿ ಇನ್ನೊಂದನ್ನು ಬೇರೆಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನ ಸುರಿಯುತ್ತ ಕಲಕಬೇಕು. ಪಾತ್ರೆ ಕಬ್ಬಿಣದ್ದಾಗಬಾರದು. ಹದವಾಯಿತೋ ಇಲ್ಲವೋ ನೋಡಲು ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದ್ದಬೇಕು. ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ರಸಾಯನಶಾಸ್ತ್ರ ಓದುವ ಅಳಿಯ ಈ ಕತ್ತಿಯ ಪರೀಕ್ಷೆಯನ್ನು ನೋಡಿ, ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆಳೆಯುವ ಬಗೆಯನ್ನು ತನ್ನ ಪುಸ್ತಕದ ಭಾಷೆಯಲ್ಲಿ ಮಾವನಿಗೆ ವಿವರಿಸಿದ. ನಲವತ್ತು ವರ್ಷ ಅದನ್ನು ಮಾಡುತ್ತ ಬಂದ ಮನುಷ್ಯ ಅಂದು ಮೊದಲ ಸಲ ಅದರ ಕಾರಣ ಕೇಳಿದರು. ಅವರಿಬ್ಬರೂ ಗೆಳೆಯರಾದದ್ದು ಅಂದು.

ಕಲಕುವವರು ಕೈಗೆ ಗವಸು, ಕಣ್ಣಿಗೆ ಕನ್ನಡಕ ಹಾಕಿ. ಮರ ಹತ್ತುವ ಆಸೆ ಬೇಡ. ಅದು ಕೊನೆಗೌಡರ ಕೆಲಸ. ಒಂದು ಮರದಿಂದ ಇಳಿಯದೆಯೇ ಪಕ್ಕದ ಮರಕ್ಕೆ ದಾಟಿಕೊಳ್ಳುವ ಅವರ ವಿದ್ಯೆ ವರ್ಷಗಳ ಸಾಧನೆ. ಕೆಳಗೆ ನಿಂತು ನೋಡಿ, ಇಳಿದ ಮೇಲೆ ಚಹಾ ಕೊಡಿ, ಮಾತಾಡಿಸಿ.

ಹಂತ 6: ಮಾತು

ಅಮ್ಮ ಕಲಿಸಿದ ಕನ್ನಡಕ್ಕೂ ಇಲ್ಲಿ ಕಿವಿಗೆ ಬೀಳುವುದಕ್ಕೂ ಅಂತರವಿದೆ. ನಮ್ಮ ಹವ್ಯಕ ಮಾತಿನಲ್ಲಿ 'ನಾನು' ಎಂಬುದು 'ಆನು'. 'ಆನು ಬತ್ತಿ' ಎಂದರೆ 'ನಾನು ಬರುತ್ತೇನೆ'. ಬೆಂಗಳೂರಿನ ಕಿವಿಗೆ ಅದು 'ನೀನು ಬರುತ್ತೀ' ಎಂದು ಕೇಳಿಸಿ ಗೊಂದಲವಾಗುತ್ತದೆ. 'ಅಕ್ಕ ಬಂತು' ಎಂದರೆ ಅಗೌರವವಿಲ್ಲ, ಹೆಣ್ಣುಮಕ್ಕಳಿಗೆ ನಮ್ಮ ಮಾತಿನಲ್ಲಿ ಕ್ರಿಯಾಪದ ಹಾಗೇ ಬರುತ್ತದೆ. ಯಾವ ಮನೆಗೆ ಹೋದರೂ ಮೊದಲು ಕೇಳುವುದು "ಆಸ್ರಿಗೆ ಎಂತ ಬೇಕು?" ಎಂದು. ಬಾಯಾರಿಕೆಗೆ ಏನು ಕೊಡಲಿ ಎಂದರ್ಥ. ಬೇಕಾದ್ದು ಹೇಳಿ: ಮಜ್ಜಿಗೆ, ಕಷಾಯ, ಚಹಾ. "ಅಡ್ಡಿಲ್ಲೆ" ಎಂಬ ಮಾತನ್ನು ಮೊದಲ ದಿನವೇ ಕಲಿಯಿರಿ. ಪರವಾಗಿಲ್ಲ, ಆಗಬಹುದು, ಚೆನ್ನಾಗಿದೆ, ಎಲ್ಲಕ್ಕೂ ನಡೆಯುತ್ತದೆ.

ಅಮ್ಮನ ಅಣ್ಣತಮ್ಮಂದಿರು ಮಾವ, ಅವರ ಹೆಂಡತಿ ಅತ್ತೆ. ಅಪ್ಪನ ಅಕ್ಕತಂಗಿಯರೂ ಅತ್ತೆಯೇ. ಅಪ್ಪನ ಅಣ್ಣ ದೊಡ್ಡಪ್ಪ, ಅಮ್ಮನ ಅಕ್ಕ ದೊಡ್ಡಮ್ಮ. ಮಾವನ ಮಗ ನಿಮಗಿಂತ ದೊಡ್ಡವನಾದರೆ ಭಾವ. ದೊಡ್ಡಪ್ಪನ ಮಗ ಅಣ್ಣ. ಇಂಗ್ಲಿಷಿನ ಅಂಕಲ್, ಕಸಿನ್ ಎಂಬ ಒಂದೊಂದೇ ಪದದಲ್ಲಿ ಈ ಗೆರೆಗಳೆಲ್ಲ ಅಳಿಸಿಹೋಗುತ್ತವೆ, ಆದ್ದರಿಂದ ಅವನ್ನು ಇಲ್ಲಿ ಬಳಸಬೇಡಿ.

ತೋಟದ ಕೆಲಸಕ್ಕೆ, ಕೊಟ್ಟಿಗೆ ಕೆಲಸಕ್ಕೆ ಬರುವ ಹಿರಿಯರನ್ನು ಮನೆಯಲ್ಲಿ ಕೆಲವರು ಏಕವಚನದಲ್ಲಿ ಕರೆಯುವುದನ್ನು ಕೇಳುತ್ತೀರಿ. ಅದನ್ನು ನೀವು ಕಲಿಯಬೇಡಿ. 'ಅಣ್ಣ', 'ಅಕ್ಕ' ಎನ್ನಿ, 'ನೀವು' ಎನ್ನಿ. ನಮ್ಮ ಮನೆಯಲ್ಲಿ ಈ ಬದಲಾವಣೆ ಬಂದದ್ದೇ ಹೊರಗಿನಿಂದ ಬಂದ ಮಕ್ಕಳು ಹಾಗೆ ಕರೆಯತೊಡಗಿದ ಮೇಲೆ.

ಯಾರ ಮನೆಯಿಂದ ಹೊರಡುವಾಗಲೂ 'ಹೋಗ್ತೇನೆ' ಎನ್ನಬಾರದು, 'ಬರ್ತೇನೆ' ಎನ್ನಬೇಕು.

ಹಂತ 7: ಊಟ, ಅಡುಗೆಮನೆ, ಮಡಿ

ಮಳೆಗಾಲದ ಅಡುಗೆಯೇ ಬೇರೆ. ಕೆಸುವಿನ ಸೊಪ್ಪಿನ ಕರಕಲಿ, ಪತ್ರೊಡೆ, ಹಲಸಿನ ಹಣ್ಣಿನ ಕಡುಬು, ಒಂದೆಲಗದ ತಂಬುಳಿ, ಅಪ್ಪೆಮಿಡಿಯ ಹುಳಿ. ಕಳಲೆ, ಅಂದರೆ ಎಳೆ ಬಿದಿರು, ಸಿಗುವುದೂ ಈಗಲೇ. ಹೆಚ್ಚಿದ ಮೇಲೆ ಎರಡು ಮೂರು ದಿನ ನೀರಿನಲ್ಲಿ ನೆನೆಸಿಟ್ಟು ದಿನವೂ ನೀರು ಬದಲಿಸಬೇಕು, ಹಸಿಯದರಲ್ಲಿ ವಿಷದ ಅಂಶವಿದೆ. ಕೆಸುವೂ ಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ. ಇವೆರಡನ್ನು ನೀವೇ ಪ್ರಯೋಗ ಮಾಡಬೇಡಿ, ಅತ್ತೆಯ ಪಕ್ಕ ನಿಂತು ಕಲಿಯಿರಿ. ಬಡಿಸುವವರನ್ನು ತಡೆಯಲು ಬಾಯಿಮಾತು ಸಾಲದು, ಬಾಳೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು.

ದೇವರ ಮನೆಗೂ ಅಡುಗೆಮನೆಗೂ ಸ್ನಾನವಾದ ಮೇಲೆ ಹೋಗುವುದು ಹಲವು ಮನೆಗಳ ರೂಢಿ. ಮುಟ್ಟಿನ ದಿನಗಳಲ್ಲಿ ಕೆಲವು ಮನೆಗಳಲ್ಲಿ ಇಂದಿಗೂ ಬೇರೆ ಇರುವ ಪದ್ಧತಿ ಇದೆ, ಕೆಲವು ಮನೆಗಳಲ್ಲಿ ಬಿಟ್ಟಿದ್ದಾರೆ. ಬರುವ ಮೊದಲೇ ಅತ್ತೆಯನ್ನೋ ಚಿಕ್ಕಮ್ಮನನ್ನೋ ಫೋನಿನಲ್ಲಿ ನೇರವಾಗಿ ಕೇಳಿ, ನಿಮಗೆ ಒಪ್ಪಿಗೆಯಾಗದ್ದನ್ನೂ ನೇರವಾಗಿ ಹೇಳಿ. ನನ್ನ ಸೊಸೆ ಹಾಗೆ ಕೇಳಿದ್ದಳು. ಅಜ್ಜಿಯ ಜೊತೆ ನಾನು ಮಾತಾಡಿದೆ, ಆ ವರ್ಷದಿಂದ ನಮ್ಮಲ್ಲಿ ಪೂಜೆಯ ಹೊತ್ತೊಂದನ್ನು ಬಿಟ್ಟರೆ ಬೇರೆ ಕಟ್ಟುಪಾಡಿಲ್ಲ. ಬಂದ ಮೇಲೆ ಎಲ್ಲರೆದುರು ಇದು ಜಗಳವಾಗುವುದಕ್ಕಿಂತ ಮೊದಲೇ ಮಾತಾಡಿಕೊಳ್ಳುವುದು ಎಷ್ಟೋ ಮೇಲು.

ಹಂತ 8: ಉಂಬಳ, ಜ್ವರ, ಹಾವು

ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ನೋವಿಲ್ಲ, ರಕ್ತ ನಿಲ್ಲಲು ಹೊತ್ತಾಗುತ್ತದೆ ಅಷ್ಟೆ. ಕಿತ್ತೆಳೆಯಬೇಡಿ, ಉಪ್ಪು ಅಥವಾ ಸುಣ್ಣ ಮುಟ್ಟಿಸಿ. ಮನೆಗೆ ಬಂದು ಕಾಲು ತೊಳೆಯುವಾಗ ಬೆರಳ ಸಂದು ನೋಡಿಕೊಳ್ಳಿ.

ನಿಜವಾಗಿ ಹೆದರಬೇಕಾದದ್ದು ಬೇರೆ. ಕಾಲಿನಲ್ಲಿ ಗಾಯವಿದ್ದರೆ ಕೆಸರು ಗದ್ದೆಗೆ ಇಳಿಯಬೇಡಿ, ಇಲಿ ಜ್ವರ ಬರುವ ದಾರಿ ಅದು. ಡೆಂಗಿಯೂ ಇದೇ ಕಾಲದ್ದು. ಜ್ವರ ಬಂದರೆ ಎರಡನೇ ದಿನವೇ ತಾಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ ಹೆಚ್ಚು, ಆದ್ದರಿಂದ ಬೇಗ ಬಂದವರು ಮೇ ತಿಂಗಳಲ್ಲಿ ಕಾಡಿಗೆ ಹೋಗುವ ಮೊದಲು ಊರಿನವರನ್ನು ವಿಚಾರಿಸಿ. ರಾತ್ರಿ ಅಂಗಳಕ್ಕೂ ಟಾರ್ಚ್ ಇಲ್ಲದೆ ಇಳಿಯಬಾರದು. ಹಾವು ಕಚ್ಚಿದರೆ ನಾಟಿ ಮದ್ದು ಹುಡುಕುತ್ತ ಹೊತ್ತು ಕಳೆಯಬೇಡಿ, ಆಸ್ಪತ್ರೆಯೊಂದೇ ದಾರಿ. ಆಂಬುಲೆನ್ಸ್‌ಗೆ 108. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆ ಹಾಕಿಸಿ. ಕುಡಿಯುವುದು ಕುದಿಸಿ ಆರಿಸಿದ ನೀರು.

ತಿರುಗಾಟಕ್ಕೂ ಇದೇ ಎಚ್ಚರಿಕೆ. ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ ಈಗ ನೀರಿನಡಿ ಇರುತ್ತದೆ, ಬಂಡೆಗೆ ಇಳಿಯಬೇಡಿ. ಜೋಗಕ್ಕೆ ಹೋದರೆ ಮಂಜು ಕವಿದು ಏನೂ ಕಾಣಿಸುವುದಿಲ್ಲ. ಒಂದು ತಾಸು ಕಾಯಿರಿ, ಒಮ್ಮೆಲೇ ತೆರೆ ಸರಿದ ಹಾಗೆ 253 ಮೀಟರ್ ಎತ್ತರದಿಂದ ಬೀಳುವ ಶರಾವತಿ ಕಾಣುತ್ತದೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಸಿರಸಿಯಿಂದ ಬಸ್ಸಿದೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಿಂದ ಇರುವ ನೀನಾಸಂ ರಂಗಸಂಸ್ಥೆ ಇದೆ. ಯಕ್ಷಗಾನದ ಬಯಲಾಟ ಮಳೆಗೆ ನಿಂತಿರುತ್ತದೆ, ಆದರೆ ತಾಳಮದ್ದಲೆಗೆ ಇದೇ ಕಾಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ, ಬರೆದುಕೊಂಡ ಮಾತಿಲ್ಲದೆ, ವಾದ ಹೂಡುತ್ತಾರೆ. ಪ್ರಸಂಗದ ಕತೆಯನ್ನು ಹಗಲೇ ಅಜ್ಜನಿಂದ ಕೇಳಿಕೊಂಡು ಹೋಗಿ.

ಹಂತ 9: ಅಜ್ಜಿಯ ಮಾತನ್ನು ಉಳಿಸಿಕೊಳ್ಳುವುದು

ನಾಲ್ಕನೇ ವಾರಕ್ಕಿಂತ ಮೊದಲು ಶುರು ಮಾಡಬೇಡಿ. ಒಬ್ಬ ಅಳಿಯ ಬಂದ ಮರುದಿನವೇ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಕ್ಯಾಮೆರಾ ಇಟ್ಟು, "ನಿಮ್ಮ ಜೀವನದ ಬಗ್ಗೆ ಹೇಳಿ" ಎಂದ. ಅಜ್ಜಿ ಸೆರಗು ಸರಿಮಾಡಿಕೊಂಡು "ಎಂತ ಹೇಳದು, ಎಲ್ಲ ಚೊಲೋ ಇತ್ತು" ಎಂದು ಸುಮ್ಮನಾದರು.

ಕೈಗೆ ಕೆಲಸವಿರುವಾಗ ಮಾತು ತಾನಾಗಿ ಬರುತ್ತದೆ. ಹಲಸಿನ ಬೀಜ ಸುಲಿಯುವಾಗ, ಬತ್ತಿ ಹೊಸೆಯುವಾಗ ಪಕ್ಕ ಕೂತು ನೀವೂ ಅದನ್ನೇ ಮಾಡಿ. "ರೆಕಾರ್ಡ್ ಮಾಡಿಕೊಳ್ಳಲಾ?" ಎಂದು ಕೇಳಿ ಫೋನನ್ನು ಮಗ್ಗುಲಲ್ಲಿ ಮಗುಚಿಡಿ. ಸಣ್ಣ ಪ್ರಶ್ನೆ ಕೇಳಿ. ಈ ಮನೆಗೆ ಕರೆಂಟು ಬಂದದ್ದು ಯಾವಾಗ? ಮದುವೆಯಾಗಿ ಬಂದ ದಿನ ಹೊಳೆ ಹೇಗೆ ದಾಟಿದಿರಿ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆದಾಗ ಮುಳುಗಿದ ಊರುಗಳಲ್ಲಿ ನಮ್ಮ ನೆಂಟರು ಯಾರಿದ್ದರು? ಈ ಕೊನೆಯ ಪ್ರಶ್ನೆಯನ್ನು ಶರಾವತಿ ಕಡೆಯ ಯಾವ ಹಿರಿಯರಿಗೆ ಕೇಳಿದರೂ ಒಂದು ಸಂಜೆ ಸಾಲುವುದಿಲ್ಲ. ಸಿರಸಿಯವರಾದರೆ 1983ರಲ್ಲಿ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕಡಿಯುವುದನ್ನು ತಡೆದ ಅಪ್ಪಿಕೋ ಚಳವಳಿಯನ್ನು ಕೇಳಿ.

ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಅಂದೇ ರಾತ್ರಿ ಕಡತಕ್ಕೆ ದಿನಾಂಕ, ಹೇಳಿದವರ ಹೆಸರು, ವಿಷಯ ಬರೆದಿಡಿ. ಅರ್ಥವಾಗದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಮರುದಿನ ಕೇಳಿ, ಆ ಪದದ ಬೆನ್ನಿಗೆ ಇನ್ನೊಂದು ಕತೆ ಬರುತ್ತದೆ. ಜಗಳ, ಪಾಲುಪಟ್ಟಿ, ಸಾವಿನ ಮಾತು ಬಂದರೆ ಯಾರಿಗೂ ಕಳಿಸಬೇಡಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗಂತೂ ಹಾಕಲೇಬೇಡಿ.

ಹಂತ 10: ಹೊರಡುವ ವಾರ

ನಿಮ್ಮ ಕೆಲಸವನ್ನು ಯಾರಿಗೆ ಒಪ್ಪಿಸುತ್ತೀರಿ ಎಂದು ಮೊದಲೇ ಹೇಳಿ, ಎರಡು ದಿನ ಅವರ ಜೊತೆ ಮಾಡಿ. ರೆಕಾರ್ಡಿನ ಒಂದು ಪ್ರತಿ ಇಲ್ಲಿನ ಮನೆಯ ಕಂಪ್ಯೂಟರಿಗೆ ಹಾಕಿ ಹೋಗಿ. ಉಪ್ಪಿನಕಾಯಿ, ಹಪ್ಪಳ, ತೊಡದೇವು ಕಟ್ಟಿಕೊಡುತ್ತೇವೆ. ಅಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ತಿನಿಸು ಇದೆ ಎಂದು ತಿಳಿಸಿ. ಹಸಿ ಹಣ್ಣು, ಬೀಜ, ಸಸಿ ಒಯ್ಯಬೇಡಿ, ಅಜ್ಜ ಎಷ್ಟು ಒತ್ತಾಯ ಮಾಡಿದರೂ.

ಹೋದ ಮೇಲೆ ಫೋನ್ ಮಾಡುವುದಕ್ಕೆ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ. ನಮ್ಮಲ್ಲಿ ಸಂಜೆ ಏಳು ಒಳ್ಳೆಯದು, ದೀಪ ಹಚ್ಚಿ ಆಗಿರುತ್ತದೆ, ಊಟಕ್ಕೆ ಹೊತ್ತಿರುತ್ತದೆ. ನ್ಯೂಯಾರ್ಕಿನಲ್ಲಿ ಆಗ ಬೆಳಗಿನ ಒಂಬತ್ತೂವರೆ. ನವೆಂಬರ್ ಮೊದಲ ಭಾನುವಾರ ನಿಮ್ಮ ಗಡಿಯಾರ ಒಂದು ತಾಸು ಹಿಂದೆ ಸರಿಯುತ್ತದೆ, ಅಜ್ಜಿಯದು ಸರಿಯುವುದಿಲ್ಲ. ಅಂದಿನಿಂದ ಎಂಟೂವರೆಗೇ ಫೋನ್ ಮಾಡಿ. ಇಲ್ಲದಿದ್ದರೆ ಅವರು ಏಳಕ್ಕೇ ಬಂದು ಫೋನಿನ ಪಕ್ಕ ಕೂತಿರುತ್ತಾರೆ.